ಅಗೆಯುವುದಕ್ಕೆ ಮುಂಚೆ

ನೆಲದೊಳಗೆ ಏನಿದೆಯೆಂದು ತಿಳಿಯುವ ಹಂಬಲವು ಮನುಷ್ಯನಿಗೆ ಇಂದು ನಿನ್ನೆಯದಲ್ಲ. ನಿಧಿಗಾಗಿ ಅಂಜನ ಹಾಕಿಸಿದವರೂ, ನೀರಿಗಾಗಿ ಕವಲುಕಡ್ಡಿಯನ್ನು ಹಿಡಿದು ತೋಟವನ್ನೆಲ್ಲ ಸುತ್ತಿದವರೂ, ಅಂಗೈಯಲ್ಲಿ ತೆಂಗಿನಕಾಯಿಯನ್ನಿಟ್ಟು ಅದು ಎದ್ದುನಿಲ್ಲುವುದನ್ನು ಕಾದವರೂ ನಮ್ಮ ಊರುಗಳಲ್ಲಿ ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಆ ಹಂಬಲವು ಈಗ ಆಕಾಶಕ್ಕೂ ಏರಿದೆ. ಅದೂ ಹುಡುಗರ ಆಟದ ರೂಪದಲ್ಲಿ! ಅಂತಹದೊಂದು ಆಟವನ್ನು ನೋಡಿ ನಾನು ಕಲಿತ ಪಾಠವು ಗೃಹಸ್ಥರೆಲ್ಲರ ಹಣದ ಗಂಟಿಗೆ ಸಂಬಂಧಪಟ್ಟುದಾದುದರಿಂದ ಅದನ್ನು ವಾಚಕರ ಮುಂದಿಡುತ್ತೇನೆ.

ನಮ್ಮ ಬಜಗೋಳಿಯು ಕಾರ್ಕಳದಿಂದ ಮಾಳದ ಮೇಲಾಗಿ ಘಟ್ಟವನ್ನೇರಿ ಕುದುರೆಮುಖಕ್ಕೆ ಹೋಗುವ ದಾರಿಯಲ್ಲಿದೆ. ವರ್ಷಕ್ಕೆ 4000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆಯಿದು. ಆದರೂ ಆ ನೀರೆಲ್ಲ ಹಳ್ಳಕೊಳ್ಳಗಳನ್ನು ಸೇರಿ ಕಡಲಿನ ಪಾಲಾಗುತ್ತದೆ. ವೈಶಾಖ ಬಂತೆಂದರೆ ಬಾವಿಯ ತಳ ಕಾಣುತ್ತದೆ, ಅಡಕೆಯ ಸೋಗೆ ಹಳದಿಯಾಗುತ್ತದೆ. ಹೀಗಾಗಿ ನಾನೂ ಎಲ್ಲರಂತೆ ಕೊಳವೆ ಬಾವಿಯ ಮೊರೆಹೊಕ್ಕೆನು. ಮೊದಲನೆಯದನ್ನು ಕಾಯಿ ಹಿಡಿದವರು ತೋರಿಸಿದಲ್ಲಿ ಕೊರೆಯಿಸಿದೆನು, ಧೂಳು ಬಂತು. ಎರಡನೆಯದನ್ನು ನೆರೆಯವರಿಗೆ ನೀರು ಸಿಕ್ಕಿದ ಸ್ಥಳಕ್ಕೆ ನೇರವಾಗಿ ಕೊರೆಯಿಸಿದೆನು, ಅಲ್ಲಿಯೂ ಧೂಳೇ. ಮಗಳ ಮದುವೆಗೆಂದು ಕೂಡಿಸಿಟ್ಟಿದ್ದ ಹಣದಲ್ಲಿ ಒಂದು ಪಾಲು ಈ ಎರಡು ತೂತುಗಳೊಳಗೆ ಇಳಿದುಹೋಯಿತು. ಮನೆಯಾಕೆಯು ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ನನಗೆ ಸಮಾಧಾನವಾಗುತ್ತಿತ್ತೋ ಏನೋ. ಮೂರನೆಯದಕ್ಕೂ ಮನಸ್ಸು ಎಳೆಯುತ್ತಿತ್ತು.

ಇಂತಹ ಸಮಯದಲ್ಲಿ ಮಣಿಪಾಲದಲ್ಲಿ ಓದುತ್ತಿರುವ ನನ್ನ ಸೋದರಳಿಯನು ಆಷಾಢದ ಬಿಡುವಿಗೆ ಮನೆಗೆ ಬಂದನು. ಹೊರಗೆ ಮಳೆ, ಒಳಗೆ ಇವನು ಕಂಪ್ಯೂಟರಿನ ಮುಂದೆ. ಪರದೆಯ ಮೇಲೆ ಕತ್ತಲೆಯ ಬಯಲು, ಅದರಲ್ಲಿ ತೇಲುವ ಬಂಡೆಗಳು, ನಡುವೆ ಒಂದು ಹಡಗು. ಅದು ಐಸ್‌ಲೆಂಡ್ ದೇಶದ ಸಿಸಿಪಿ ಎಂಬ ಸಂಸ್ಥೆಯು 2003ರಲ್ಲಿ ಹೊರತಂದ ‘ಈವ್ ಆನ್‌ಲೈನ್’ ಎಂಬ ಆಟ. ನಾನಾ ದೇಶಗಳವರು ಒಂದೇ ಕಲ್ಪಿತ ಬ್ರಹ್ಮಾಂಡದಲ್ಲಿ ಕೂಡಿ ಆಡುತ್ತಾರೆ. ಕ್ಷುದ್ರಗ್ರಹಗಳನ್ನು ಕೊರೆದು ಅದಿರು ತೆಗೆಯುವುದು, ಅದನ್ನು ಮಾರುವುದು, ಹಡಗು ಕಟ್ಟುವುದು ಇವೆಲ್ಲ ಅಲ್ಲಿನ ಕಸುಬುಗಳು.

“ಕೊರೆಯುವುದನ್ನು ಬಿಟ್ಟು ಇದೇನು ನೋಡುತ್ತಾ ಕುಳಿತಿರುವೆ?” ಎಂದು ಕೇಳಿದೆನು.

“ಮಾವ, ನೋಡದೆ ಕೊರೆದರೆ ನಷ್ಟ. ಇದು ಸ್ಕ್ಯಾನರ್. ಯಾವ ಬಂಡೆಯಲ್ಲಿ ಎಷ್ಟು ಅದಿರು ಉಳಿದಿದೆ, ಅದು ಎಷ್ಟು ದೂರದಲ್ಲಿದೆ ಎಂದು ಹೇಳುತ್ತದೆ” ಎಂದನು.

ಆ ಮಾತು ನನ್ನ ಎದೆಗೆ ನಾಟಿತು. ಪಕ್ಕದಲ್ಲಿ ಕುಳಿತು ಅವನಿಂದ ಎಲ್ಲವನ್ನೂ ಕೇಳಿ ತಿಳಿದುಕೊಂಡೆನು.

ಕೊರೆಯುವ ಯಂತ್ರವು ಸುತ್ತು ಸುತ್ತಾಗಿ ಕೆಲಸಮಾಡುತ್ತದೆ. ಒಂದು ಸುತ್ತಿಗೆ ಮೂರು ನಿಮಿಷ ಎಂದಿಟ್ಟುಕೊಳ್ಳೋಣ. ಬಂಡೆಯಲ್ಲಿ ಉಳಿದಿರುವುದು ಅರ್ಧ ನಿಮಿಷದ ಅದಿರು ಮಾತ್ರವಾದರೆ, ಅದನ್ನು ತಿಳಿಯದವನು ಮೂರು ನಿಮಿಷವೂ ಯಂತ್ರವನ್ನು ತಿರುಗಿಸುತ್ತಾನೆ. ಎರಡೂವರೆ ನಿಮಿಷ ವ್ಯರ್ಥ. ತಿಳಿದವನು ಅರ್ಧ ನಿಮಿಷಕ್ಕೇ ನಿಲ್ಲಿಸಿ ಮುಂದಿನ ಬಂಡೆಗೆ ಹೋಗುತ್ತಾನೆ. ದೊಡ್ಡ ಯಂತ್ರಗಳುಳ್ಳವನಿಗೆ ಈ ನಷ್ಟವು ದೊಡ್ಡದು, ಏಕೆಂದರೆ ಅವನ ಒಂದೊಂದು ನಿಮಿಷದ ಬೆಲೆಯೂ ದೊಡ್ಡದು. ಇಬ್ಬರು ಒಂದೇ ಬಂಡೆಯನ್ನು ಕೊರೆಯುವಾಗಲಂತೂ ಲೆಕ್ಕವಿಲ್ಲದೆ ನಡೆಯದು.

ಹಾಗಾದರೆ ಈ ಉಪಕರಣವು ಎಲ್ಲರಿಗೂ ಬೇಕೇ? ಬೇಡವೆಂದು ಅಳಿಯನೇ ಹೇಳಿದನು. ಹಡಗಿನಲ್ಲಿ ಉಪಕರಣಗಳನ್ನು ಕೂರಿಸಲು ಸ್ಥಳವು ಮಿತವಾಗಿದೆ. ಸ್ಕ್ಯಾನರನ್ನು ಕೂರಿಸಿದರೆ ಹಡಗಿನ ರಕ್ಷಣೆಗೆ ಬೇಕಾದ ಇನ್ನೊಂದನ್ನು ಬಿಡಬೇಕಾಗಬಹುದು. ಅಲ್ಲಿ ಕಳ್ಳರ ಭಯವೂ ಉಂಟು. ಹೊಸಬನ ಕೈಯಲ್ಲಿ ಸಣ್ಣ ಯಂತ್ರವಿದ್ದು ಸುತ್ತಲೂ ದೊಡ್ಡ ಬಂಡೆಗಳಿದ್ದರೆ, ಒಂದು ಬಂಡೆ ಮುಗಿಯುವುದಕ್ಕೆ ಬಹಳ ಹೊತ್ತು ಬೇಕು. ಅವನು ಕಣ್ಣುಮುಚ್ಚಿ ಕೊರೆದರೂ ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ. ಎಂದ ಮೇಲೆ ಶೋಧನೆಯ ಬೆಲೆಯು ಶೋಧಕದಲ್ಲಿಲ್ಲ; ಶೋಧಿಸದೆ ಹೋದರೆ ಆಗತಕ್ಕ ನಷ್ಟದಲ್ಲಿದೆ.

ಇಂಗ್ಲೆಂಡಿನ ಫ್ರಾಂಟಿಯರ್ ಸಂಸ್ಥೆಯವರು 2014ರಲ್ಲಿ ಹೊರತಂದ ‘ಎಲೀಟ್ ಡೇಂಜರಸ್’ ಎಂಬ ಇನ್ನೊಂದು ಆಟವನ್ನೂ ಅವನು ತೋರಿಸಿದನು. ಅದರಲ್ಲಿ ಹಡಗಿನಿಂದ ಒಂದು ಪುಟ್ಟ ದೂತಯಂತ್ರವನ್ನು ಬಂಡೆಗೆ ಎಸೆಯಬೇಕು. ಅದು ಹೋಗಿ ಅಂಟಿಕೊಂಡು, ಬಂಡೆಯಲ್ಲಿ ಯಾವ ಯಾವ ದ್ರವ್ಯ ನೂರಕ್ಕೆ ಎಷ್ಟು ಪಾಲಿದೆಯೆಂಬುದನ್ನು ತಿಳಿಸುತ್ತದೆ. ಅಳಿಯನು ಹತ್ತು ಬಂಡೆಗಳಿಗೆ ಎಸೆದು, ಒಂಬತ್ತನ್ನು ಮುಟ್ಟದೆ ಬಿಟ್ಟು, ಒಂದನ್ನು ಮಾತ್ರ ಕೊರೆದನು. ನನಗೆ ಆಶ್ಚರ್ಯವಾದುದು ಕೊರೆದ ಒಂದರಿಂದಲ್ಲ, ಬಿಟ್ಟ ಒಂಬತ್ತರಿಂದ.

ಇದು ಬರಿಯ ಕಲ್ಪನೆಯೆಂದು ನಗುವಂತಿಲ್ಲ. ನಿಜವಾದ ಆಕಾಶದಲ್ಲಿಯೂ ಕ್ರಮವು ಇದೇ. ಅಮೆರಿಕದವರ ‘ಒಸಿರಿಸ್-ರೆಕ್ಸ್’ ನೌಕೆಯು 2018ರ ಡಿಸೆಂಬರಿನಲ್ಲಿ ಬೆನ್ನು ಎಂಬ ಕ್ಷುದ್ರಗ್ರಹವನ್ನು ತಲಪಿತು. ಒಡನೆಯೇ ಕೈಯಿಕ್ಕಲಿಲ್ಲ. ಸುಮಾರು ಎರಡು ವರ್ಷ ಅದನ್ನು ಸುತ್ತಿ, ಬೆಳಕನ್ನೂ ಶಾಖವನ್ನೂ ಅಳೆದು, ನಕ್ಷೆ ತೆಗೆದು, 2020ರ ಅಕ್ಟೋಬರ್ 20ರಂದು ಮಾತ್ರ ಅದನ್ನು ಮುಟ್ಟಿತು. ಆ ಮಣ್ಣು 2023ರ ಸೆಪ್ಟೆಂಬರಿನಲ್ಲಿ ಭೂಮಿಗೆ ಬಂತು, ತೂಕ 121.6 ಗ್ರಾಂ. ಜಪಾನಿನವರ ‘ಹಯಬುಸಾ 2’ ನೌಕೆಯು ರ್ಯುಗು ಎಂಬ ಕ್ಷುದ್ರಗ್ರಹದಿಂದ 2020ರಲ್ಲಿ ತಂದುದು ಐದು ಗ್ರಾಮಿಗಿಂತ ಸ್ವಲ್ಪ ಹೆಚ್ಚು. ಇನ್ನೊಂದು ಮಾತು. ದೂರದರ್ಶಕಗಳಿಂದ ನೋಡಿದಾಗ ಬೆನ್ನುವಿನ ಮೈಯು ಬಹುಮಟ್ಟಿಗೆ ನುಣುಪಾದ ಮರಳಿನಂತೆ ತೋರಿತ್ತು. ಹತ್ತಿರ ಹೋದಾಗ ಎಲ್ಲೆಲ್ಲೂ ಬಂಡೆಗಲ್ಲುಗಳೇ. ಆದುದರಿಂದ ನೋಡುವುದರಲ್ಲಿಯೂ ದೂರದ ನೋಟ, ಹತ್ತಿರದ ನೋಟ ಎಂಬ ತಾರತಮ್ಯವುಂಟು.

ಇಷ್ಟು ದೂರ ಹೋಗುವುದೇಕೆ? ನಮ್ಮ ಮನೆಯಂಗಳದಿಂದ ಕಾಣುವ ಘಟ್ಟದ ಕಥೆಯೇ ಇದೆ. ಕುದುರೆಮುಖದ ಕಬ್ಬಿಣದ ಅದಿರನ್ನು 1913ರಲ್ಲಿ ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯ ಸಂಪತ್ ಅಯ್ಯಂಗಾರ್ಯರು ಗುರುತಿಸಿದರು. ಅದು ಮ್ಯಾಗ್ನೆಟೈಟ್, ಎಂದರೆ ಅಯಸ್ಕಾಂತಕ್ಕೆ ಅಂಟುವ ಅದಿರು. ಇಂತಹ ಅದಿರು ನೆಲದಡಿಯಲ್ಲಿದ್ದರೆ ದಿಕ್ಸೂಚಿಯ ಮುಳ್ಳು ತನ್ನ ದಿಕ್ಕನ್ನು ಬಿಟ್ಟು ಓಲಾಡುತ್ತದೆ. ಸ್ವೀಡನ್ ದೇಶದ ಗಣಿಗಾರರು ಹದಿನೇಳನೆಯ ಶತಮಾನದಲ್ಲಿಯೇ ಇದನ್ನು ಕಂಡುಕೊಂಡು, ದಿಕ್ಸೂಚಿಯನ್ನೇ ಶೋಧಕವನ್ನಾಗಿ ಮಾಡಿಕೊಂಡಿದ್ದರು. ಕುದುರೆಮುಖದ ಅದಿರು ಬಡ ಅದಿರು. ಅದರಲ್ಲಿ ಕಬ್ಬಿಣವು ನೂರಕ್ಕೆ ನಲವತ್ತಕ್ಕೂ ಕಡಿಮೆ. ಅದನ್ನು ಅರೆದು, ಸಾರವನ್ನು ಬೇರ್ಪಡಿಸಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಯಿಸಬೇಕಾಯಿತು. ಅದಕ್ಕಾಗಿ ಕಂಪೆನಿಯು ಸ್ಥಾಪಿತವಾದುದು 1976ರಲ್ಲಿ; ಕಂಡುದಕ್ಕೂ ಅಗೆದುದಕ್ಕೂ ನಡುವೆ ಅರವತ್ತಕ್ಕೂ ಮಿಕ್ಕಿದ ವರ್ಷಗಳು.

ಇದನ್ನೆಲ್ಲ ಯೋಚಿಸಿ, ಮೂರನೆಯ ಬಾವಿಗೆ ಯಂತ್ರವನ್ನು ಕರೆಸುವುದಕ್ಕೆ ಮುಂಚೆ ಭೂಮಿಯನ್ನು ಪರೀಕ್ಷಿಸುವವರನ್ನು ಕರೆಸಿದೆನು. ಅವರು ನಾಲ್ಕು ಲೋಹದ ಗೂಟಗಳನ್ನು ಒಂದೇ ಸಾಲಿನಲ್ಲಿ ನೆಲಕ್ಕೆ ನೆಟ್ಟರು. ಹೊರಗಿನ ಎರಡು ಗೂಟಗಳ ಮೂಲಕ ವಿದ್ಯುತ್ತನ್ನು ಹಾಯಿಸಿ, ಒಳಗಿನ ಎರಡರ ನಡುವಿನ ಒತ್ತಡವನ್ನು ಅಳೆದರು. ಗೂಟಗಳನ್ನು ದೂರ ದೂರ ಸರಿಸಿದಷ್ಟೂ ಹೆಚ್ಚು ಆಳದ ಸಮಾಚಾರ ಸಿಕ್ಕುತ್ತದೆ. ಒಣ ಕರಿಗಲ್ಲು ವಿದ್ಯುತ್ತನ್ನು ಬಹಳವಾಗಿ ತಡೆಯುತ್ತದೆ. ನೀರು ತುಂಬಿದ ಬಿರುಕು ಕಡಿಮೆ ತಡೆಯುತ್ತದೆ. ವಿದ್ಯೆಯ ಸಾರ ಇಷ್ಟೇ.

ಆದರೆ ನಮ್ಮ ಸೀಮೆಯಲ್ಲಿ ಇದಕ್ಕೊಂದು ತೊಡಕುಂಟು. ಮೇಲೆ ಮುರಕಲ್ಲು, ಅದರ ಕೆಳಗೆ ಶೇಡಿ ಮಣ್ಣು, ಅದರ ಕೆಳಗೆ ಗಟ್ಟಿಬಂಡೆ. ಒದ್ದೆಯಾದ ಶೇಡಿ ಮಣ್ಣೂ ವಿದ್ಯುತ್ತನ್ನು ಸುಲಭವಾಗಿ ಬಿಡುತ್ತದೆ. ಆದರೆ ತನ್ನೊಳಗಿನ ನೀರನ್ನು ಬಿಡುವುದಿಲ್ಲ! ಅದನ್ನು ನೀರಿನ ಸೆಲೆಯೆಂದು ಭ್ರಮಿಸಿದರೆ ಕೆಟ್ಟಂತೆಯೇ. ಯಂತ್ರವು ಅಂಕೆಗಳನ್ನು ಕೊಡುತ್ತದೆ. ಅರ್ಥವನ್ನು ಹೇಳುವವನು ಊರಿನ ಮಣ್ಣನ್ನು ಬಲ್ಲವನಾಗಿರಬೇಕು.

ನಮ್ಮ ಪಾಲಿಗೆ ಬಂದವರು ಬಲ್ಲವರಾಗಿದ್ದರು. ಐದು ಕಡೆ ಅಳೆದು, “ನಿಮ್ಮ ಜಾಗದಲ್ಲಿ ಕೊರೆಯಿರಿ ಎಂದು ಹೇಳುವ ಧೈರ್ಯ ನನಗಿಲ್ಲ. ಹಳೆಯ ಬಾವಿಯ ಹೂಳೆತ್ತಿಸಿ, ಮಳೆಯ ನೀರನ್ನು ಅದರ ಮೇಲ್ಗಡೆ ಇಂಗಿಸಿರಿ” ಎಂದರು. ಆ ದಿನ ನನಗೆ ನಿರಾಶೆಯೇ ಆಯಿತು. ಹಣಕೊಟ್ಟು ‘ಇಲ್ಲ’ ಎನ್ನಿಸಿಕೊಂಡೆನಲ್ಲಾ ಎಂದು ವ್ಯಥೆಪಟ್ಟೆನು. ಅಳಿಯನು ನಕ್ಕು, “ಮಾವ, ಬಿಟ್ಟ ಒಂಬತ್ತು ಬಂಡೆಗಳೇ ಲಾಭ” ಎಂದನು. ಬಾವಿಯ ಹೂಳೆತ್ತಿಸಿದೆವು, ಗುಡ್ಡದ ಬದಿಯಲ್ಲಿ ಇಂಗುಗುಂಡಿಗಳನ್ನು ತೋಡಿದೆವು. ಅನಂತರದ ಬೇಸಗೆಯಲ್ಲಿ ನೀರು ತಗ್ಗಿತು, ಆದರೆ ಬತ್ತಲಿಲ್ಲ. ಮೂರನೆಯ ತೂತಿಗೆ ಹೋಗತಕ್ಕ ಹಣವು ಮಗಳ ಮದುವೆಗೆ ಒದಗಿತು.

ಕೊನೆಗೆ ಒಂದು ಮಾತನ್ನು ಮರೆಯಬಾರದು. ಶೋಧಕವು ಅದಿರನ್ನು ತೋರಿಸೀತು, ಅಗೆದುದರಿಂದ ಏನು ಹೋಗುತ್ತದೆಂಬುದನ್ನು ತೋರಿಸದು. ಕುದುರೆಮುಖದ ನೆಲದಲ್ಲಿ ಅದಿರು ಉಂಟೆಂಬುದು ಸುಳ್ಳಾಗಲಿಲ್ಲ. ಆದರೆ ಆ ಅದಿರಿನ ಮೇಲೆ ಶೋಲೆಯ ಕಾಡಿತ್ತು, ಬಳಿಯಲ್ಲಿ ಭದ್ರೆಯ ಹರಿವಿತ್ತು. ಆ ಕಾಡುಗಳು 1987ರಲ್ಲಿ ರಾಷ್ಟ್ರೀಯ ಉದ್ಯಾನವೆನಿಸಿದವು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಾಯಿತು. 2005ರ ಕೊನೆಗೆ ಗಣಿಯು ನಿಂತಿತು. ಅದಿರು ಇನ್ನೂ ಅಲ್ಲಿಯೇ ಇದೆ. ಆಟದ ಆಕಾಶದಲ್ಲಿ ಬಂಡೆಯು ಮುಗಿದರೆ ಇನ್ನೊಂದು ಹುಟ್ಟುತ್ತದೆ. ನಮ್ಮ ನೆಲಕ್ಕೆ ಆ ವರವಿಲ್ಲ.

ಆದುದರಿಂದ ಕೊಳವೆ ಬಾವಿ ತೋಡಿಸಬೇಕೆಂದಿರುವ ಗೃಹಸ್ಥರು ಕೊರೆಯುವ ಯಂತ್ರದ ಬಾಡಿಗೆಯನ್ನು ವಿಚಾರಿಸುವುದಕ್ಕೆ ಮೊದಲು ನೋಡುವವರ ಕೂಲಿಯನ್ನು ವಿಚಾರಿಸಲಿ. ಅವರು ‘ಉಂಟು’ ಎಂದರೆ ಸಂತೋಷ. ‘ಇಲ್ಲ’ ಎಂದರೆ, ಹಣ ಉಳಿಯಿತೆಂದು ಅದಕ್ಕೂ ಸಂತೋಷಪಡಲಿ.