ತಿಪ್ಪೆಯ ಬೇಗೆಯಲ್ಲಿ ಬೇಯದ ಜೀವಿಗಳು

ಮಾಗಿಯ ಮುಂಜಾನೆ ತಿಪ್ಪೆಯನ್ನು ಕೆದಕಿದಾಗ ಹಬೆಯೇಳುವುದನ್ನು ಕಂಡ ಸತ್ತೂರಿನ ವಾಚಕರೊಬ್ಬರು, ಆ ಶಾಖವು ಒಳಗಣ ಸೂಕ್ಷ್ಮಜೀವಿಗಳ ಉಸಿರಾಟದಿಂದಲೇ ಹುಟ್ಟುವುದಾದರೆ ತಾವೇ ಎಬ್ಬಿಸಿದ ಬೇಗೆಯಲ್ಲಿ ಅವು ಬೆಂದುಹೋಗುವುದಿಲ್ಲವೇಕೆಂದು ಕೇಳಿದ್ದಾರೆ. ಸೊಗಸಾದ ಪ್ರಶ್ನೆ. ಚೆನ್ನಾಗಿ ಕಳಿಯುತ್ತಿರುವ ತಿಪ್ಪೆಯ ಒಡಲು 60ರಿಂದ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುವುದುಂಟು. ಕೋಳಿಮೊಟ್ಟೆಯ ಬಿಳಿಭಾಗ ಹೆಪ್ಪುಗಟ್ಟತೊಡಗುವುದೂ ಸರಿಸುಮಾರು ಅದೇ ಉಷ್ಣತೆಯಲ್ಲಿ. ಅಲ್ಲಿರುವುದೂ ಪ್ರೋಟೀನು, ಇಲ್ಲಿರುವುದೂ ಪ್ರೋಟೀನೇ.

ಇಂಥ ಜೀವಿ ತನ್ನೊಡಲನ್ನು ಹೇಗೋ ತಂಪಾಗಿರಿಸಿಕೊಳ್ಳುವುದೆಂಬ ಭ್ರಮೆ ಓದಿದವರಲ್ಲಿಯೂ ಇದೆ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ಅಗಲದ ದೇಹಕ್ಕೆ ಒಳಗೊಂದು ಹೊರಗೊಂದು ಉಷ್ಣತೆ ಅಸಾಧ್ಯ. ಅದರ ಪ್ರೋಟೀನುಗಳು ಯಾವುದೋ ವಜ್ರೋಪಮ ದ್ರವ್ಯದಿಂದಾದವೆಂಬುದೂ ಸುಳ್ಳು; ನಮ್ಮ ರಕ್ತಮಾಂಸಗಳನ್ನು ಕಟ್ಟಿದ ಇಪ್ಪತ್ತು ಅಮೈನೋ ಆಮ್ಲಗಳೇ ಅಲ್ಲಿಯೂ ಇವೆ.

ವಿಸ್ಮಯವಿರುವುದು ವ್ಯತ್ಯಾಸದ ಅಲ್ಪತ್ವದಲ್ಲಿ. ಯಾವುದೇ ಪ್ರೋಟೀನಿನ ಮಡಿಕೆಯನ್ನು ಹಿಡಿದಿಟ್ಟ ಬಲಗಳೂ ಅದನ್ನು ಬಿಚ್ಚಲೆಳಸುವ ಬಲಗಳೂ ಬಹುಮಟ್ಟಿಗೆ ಸಮಸಮವಾಗಿದ್ದು, ಕೆಲವೇ ಜಲಜನಕ ಬಂಧಗಳಷ್ಟು ಅಂತರದಲ್ಲಿ ಮಡಿಕೆಗೆ ಜಯ ಲಭಿಸುವುದರಿಂದ, ಅಲ್ಲೊಂದು ಇಲ್ಲೊಂದು ಬಂಧ ಹೆಚ್ಚಿದರೂ ಪ್ರೋಟೀನು ಹತ್ತಾರು ಡಿಗ್ರಿ ಹೆಚ್ಚಿನ ತಾಪವನ್ನು ತಾಳಬಲ್ಲುದು. ನಮ್ಮ ಕಡೆಯ ಕೌದಿಯಂತೆ: ಅರಿವೆ ಅವೇ ಹಳೆಯವು, ಹೊಲಿಗೆ ಮಾತ್ರ ಒತ್ತಾದದ್ದು. ಧನಾವೇಶದ ಅಮೈನೋ ಆಮ್ಲವೊಂದು ಋಣಾವೇಶದ್ದನ್ನು ಸೆಳೆದುಕೊಳ್ಳುವುದು, ಅದು ಮತ್ತೊಂದನ್ನು; ಪೈರೋಕಾಕಸ್ ಫ್ಯೂರಿಯೋಸಸ್ ಎಂಬ ತಾಪಪ್ರಿಯ ಜೀವಿಯ ಒಂದು ಕಿಣ್ವದಲ್ಲಿ ಹೀಗೆ 18 ಅಮೈನೋ ಆಮ್ಲಗಳು ಒಂದೇ ಜಾಲವಾಗಿ ಹೆಣೆದುಕೊಂಡಿವೆ. ಸಡಿಲವಾಗಿ ಜೋಲುವ ಎಳೆಗಳು ಮೊಟಕಾಗಿರುತ್ತವೆ, ಶಾಖಕ್ಕೆ ಕೆಡುವ ಆಸ್ಪರಜಿನ್ ಎಂಬ ಅಮೈನೋ ಆಮ್ಲ ವಿರಳವಾಗಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ವಿ. ಬೃಂದಾ ಮತ್ತು ಸರಸ್ವತಿ ವಿಶ್ವೇಶ್ವರ ಅವರು 2005ರಲ್ಲಿ ಪ್ರೋಟೀನನ್ನೇ ಒಂದು ಜಾಲವಾಗಿ ಗಣಿಸಿ ಪರೀಕ್ಷಿಸಿದಾಗ, ಅನೇಕ ನೆರೆಯವರೊಡನೆ ಬಿಗಿಯಾಗಿ ತಗುಲಿಕೊಂಡ ಕೇಂದ್ರಗಳು ತಾಪಪ್ರಿಯ ಜೀವಿಗಳಲ್ಲಿ ಅಧಿಕವಾಗಿ ಕಂಡುಬಂದವು. ನನಗೆ ಇದಕ್ಕಿಂತ ಮನೋಹರವಾದ ಉತ್ತರ ಬೇರೆಲ್ಲಿಯೂ ದೊರೆತಿಲ್ಲ.

ಪುತ್ತೂರು ಸೀಮೆಯ ಬೇಂದ್ರು ತೀರ್ಥದ ಬಿಸಿನೀರನ್ನು ಪವಾಡವೆಂದು ಬಗೆದು ಮಿಂದು ರೋಗ ಕಳೆಯಹೋಗುವವರಿಗೆ ಒಂದು ಮಾತು: ಅದು ಭೂಗರ್ಭದ ಶಾಖ, ಚಿಕಿತ್ಸೆಗೆ ವೈದ್ಯರಿದ್ದಾರೆ. 40 ಡಿಗ್ರಿಯ ಆಚೀಚೆ ನಿಲ್ಲುವ ಆ ನೀರು ನಮ್ಮ ತಾಪಪ್ರಿಯರಿಗೆ ಬರೀ ತಣ್ಣೀರು. ನಿಜವಾದ ಉಪಕಾರ ಬಂದದ್ದು ಅಮೆರಿಕದ ಯೆಲ್ಲೊಸ್ಟೋನಿನ ಬುಗ್ಗೆಯಿಂದ. ಬ್ರಾಕ್ ಮತ್ತು ಫ್ರೀಜ್ ಎಂಬವರು 1969ರಲ್ಲಿ ವರ್ಣಿಸಿದ ಥರ್ಮಸ್ ಅಕ್ವಾಟಿಕಸ್ ಎಂಬ ಜೀವಾಣುವಿನ ಕಿಣ್ವವು 95 ಡಿಗ್ರಿಯ ಕಾವನ್ನು ಮತ್ತೆ ಮತ್ತೆ ಸಹಿಸಿ ಡಿಎನ್‌ಎ ಪ್ರತಿಗಳನ್ನು ತೆಗೆಯಬಲ್ಲುದಾದುದರಿಂದಲೇ ಪಿಸಿಆರ್ ಪರೀಕ್ಷೆಯು ಊರೂರಿಗೆ ಬಂದಿತು.

ಈ ಬಿಗಿತಕ್ಕೆ ತೆರಬೇಕಾದ ಬೆಲೆಯೂ ಇದೆ. ಕೆಲಸ ಮಾಡಲು ಪ್ರೋಟೀನು ತುಸು ಬಳುಕಬೇಕು, ಅಷ್ಟೊಂದು ಬಿಗಿದುಕೊಂಡದ್ದು ಬಳುಕಲು ಬೇಗೆಯೇ ಬೇಕು. 100 ಡಿಗ್ರಿಯಲ್ಲಿ ಹುಲುಸಾಗಿ ವೃದ್ಧಿಸುವ ಪೈರೋಕಾಕಸ್ 70 ಡಿಗ್ರಿಗಿಂತ ಕೆಳಗೆ ಬೆಳೆಯುವುದೇ ಇಲ್ಲ.