ಹಾಲಿನ ಪ್ರೋತ್ಸಾಹಧನವೂ ಹಸು ಸಾಕುವವರ ಹೆಸರೂ

ಬೆಂಗಳೂರು ನಗರದ ಸುತ್ತಣ ಗ್ರಾಮಗಳಿಗೆ ಹೈನುಗಾರಿಕೆಯು ಹೊಸ ಕಸುಬಲ್ಲ. ಪಶುಪಾಲನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆಯು ೧೯೨೩ರಲ್ಲಿಯೇ ಈ ನಗರದಲ್ಲಿ ಸ್ಥಾಪಿತವಾಗಿದ್ದಿತು. ೧೯೬೫ರಲ್ಲಿ ಬೆಂಗಳೂರು ಡೈರಿಯು ಆರಂಭವಾಯಿತು. ಆದರೆ ಅಂದು ಹುಲ್ಲು ಬೆಳೆಯುತ್ತಿದ್ದ ನೆಲದ ಬಹುಭಾಗವು ಇಂದು ಉಳಿದಿಲ್ಲ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ಸುಮಾರು ೩೩೨ ಎಕರೆಯ ಮೇಲೆ ಎಲೆಕ್ಟ್ರಾನಿಕ್ ಸಿಟಿ ನಿಂತಿದೆ. ಪೀಣ್ಯ, ವೈಟ್‌ಫೀಲ್ಡ್ ಸೀಮೆಗಳ ಹೊಲಗಳೂ ಕಾರ್ಖಾನೆ ಕಚೇರಿಗಳಿಗೆ ಸಂದಿವೆ. ಇಷ್ಟಾದರೂ ಆನೇಕಲ್, ಹೊಸಕೋಟೆ, ನೆಲಮಂಗಲದ ಕಡೆ ಬೆಳಗು ಬೈಗು ಹಾಲು ಡೈರಿಗೆ ಬರುವುದು ನಿಂತಿಲ್ಲ. ಜಮೀನು ಕಳೆದುಕೊಂಡ ಮನೆಗಳಲ್ಲಿಯೂ ಒಂದೆರಡು ಸೀಮೆಹಸುಗಳುಂಟು.

ಇಂತಹ ಮನೆಗಳಿಗೆ ಸರ್ಕಾರದ ಪ್ರೋತ್ಸಾಹಧನವು ಅಲ್ಪವಾದ ಆಧಾರವಲ್ಲ. ೨೦೦೮ರಲ್ಲಿ ಲೀಟರಿಗೆ ೨ ರೂಪಾಯಿಯಂತೆ ಆರಂಭವಾದ ಈ ಹಣವು ೨೦೧೩ರಲ್ಲಿ ೪ ರೂಪಾಯಿಗೂ, ೨೦೧೬ರಲ್ಲಿ ೫ ರೂಪಾಯಿಗೂ ಏರಿತು. ಇದು ಹಸುವಿನ ಮೇಲೆ ಕೊಡುವ ಹಣವಲ್ಲ, ಜಮೀನಿನ ಮೇಲೆ ಕೊಡುವುದೂ ಅಲ್ಲ. ಸಹಕಾರ ಸಂಘಕ್ಕೆ ಹಾಕಿದ ಹಾಲಿನ ಮೇಲೆ ಸಲ್ಲತಕ್ಕದ್ದು. ಬಡಾವಣೆಯ ಮನೆಗಳಿಗೆ ವರ್ತನೆ ಹಾಲು ಹಾಕುವವರಿಗೆ ಕೈಗೆ ಹೆಚ್ಚು ದರ ದೊರೆಯಬಹುದು, ಆದರೆ ಆ ಹಾಲಿಗೆ ಪ್ರೋತ್ಸಾಹಧನವಿಲ್ಲ. ಒಂದು ಹಸುವಿನಿಂದ ದಿನಕ್ಕೆ ಸರಾಸರಿ ೧೦ ಲೀಟರಿನಂತೆ ೩೦೫ ದಿನಗಳವರೆಗೆ ಸಂಘಕ್ಕೆ ಹಾಲು ಹಾಕಿದಲ್ಲಿ, ೫ ರೂಪಾಯಿಯ ದರದಲ್ಲಿ ೧೫,೨೫೦ ರೂಪಾಯಿ ಬರತಕ್ಕದ್ದು. ಹಸು ಬತ್ತಿದ ದಿನಗಳಲ್ಲಿ ಏನೂ ಇಲ್ಲ. ಹಿಂಡಿ ಬೂಸಾ ಮಾತ್ರ ಬೇಕೇ ಬೇಕು.

ಗ್ರಾಮದ ಮುಖಂಡರು ವಿಶೇಷವಾಗಿ ಗಮನಿಸತಕ್ಕ ವಿಷಯವು ಹೆಸರಿನದು. ಹಣವು ಯಾರ ಹೆಸರಿನಲ್ಲಿ ಹಾಲು ದಾಖಲಾಗುವುದೋ ಅವರ ಬ್ಯಾಂಕಿನ ಖಾತೆಗೇ ಹೋಗುತ್ತದೆ. ಹಸುವನ್ನು ಮೇಯಿಸಿ, ಕೊಟ್ಟಿಗೆ ಬಳಿದು, ಹಾಲು ಕರೆಯುವವಳು ಮನೆಯ ಹೆಂಗಸು; ಸಂಘದ ಪುಸ್ತಕದಲ್ಲಿರುವ ಹೆಸರು ಎಷ್ಟೋ ಕಡೆ ಗಂಡನದು ಅಥವಾ ಮಾವನದು. ಇನ್ನು ಸದಸ್ಯತ್ವವಿಲ್ಲದ ಬಡವರು ನೆರೆಯವರ ಇಲ್ಲವೆ ಧಣಿಗಳ ಹೆಸರಿನಲ್ಲಿ ಹಾಲು ಹಾಕಿಸಿದರಂತೂ ಬಟವಾಡೆಯ ಹಣ ಕೈಸೇರಿದರೂ ಪ್ರೋತ್ಸಾಹಧನವು ಕೈತಪ್ಪುವುದು ಸುಲಭ. ಹಾಲಿನ ಬೆಲೆಯನ್ನು ಸಂಘವು ನಿಯಮಿತವಾಗಿ ಬಟವಾಡೆ ಮಾಡುತ್ತದೆ. ಪ್ರೋತ್ಸಾಹಧನವು ಬೇರೆಯಾಗಿ, ಬಹಳ ತಡವಾಗಿ ಬರುವುದರಿಂದ, ಬಾರದಿದ್ದುದು ತಿಂಗಳುಗಟ್ಟಲೆ ತಿಳಿಯುವುದೇ ಇಲ್ಲ. ಈಚಿನ ವರ್ಷಗಳಲ್ಲಿ ಹಲವು ತಿಂಗಳ ಬಾಕಿಯು ಒಟ್ಟುಗೂಡಿದ್ದೂ ಉಂಟು. ಆದಕಾರಣ ಈ ಹಣವನ್ನು ನಂಬಿ ಹಿಂಡಿಯ ಅಂಗಡಿಯಲ್ಲಿ ಸಾಲ ಬೆಳೆಸುವುದು ತರವಲ್ಲ. ಹಸು ಯಾರದೋ ಅವರನ್ನೇ ಸದಸ್ಯರನ್ನಾಗಿ ಮಾಡಿಸುವುದೂ, ಸಂಘದ ಸಭೆಯಲ್ಲಿ ಹಣ ಬಂದವರ ಪಟ್ಟಿಯನ್ನು ಗಟ್ಟಿಯಾಗಿ ಓದಿಸುವುದೂ ಮುಖಂಡರಿಗೆ ಸಾಧ್ಯವಾದ ಕೆಲಸಗಳು. ಧಣಿಗಳ ಹೆಸರಿನಲ್ಲಿ ಬೇರೆಯವರ ಹಾಲು ದಾಖಲಾಗುತ್ತಿದ್ದರೆ ಅದನ್ನು ನಿಲ್ಲಿಸಬೇಕಾದವರು ಮೊದಲು ಧಣಿಗಳೇ.

ಮೇವಿನ ಬೆಲೆಯು ಏರಿದಲ್ಲಿ ಲೀಟರಿಗೆ ಬರುವ ೫ ರೂಪಾಯಿಯು ಹುಲ್ಲಿನವನ ಪಾಲಾಗುತ್ತದೆ. ರಾಗಿಹುಲ್ಲು ದೂರದಿಂದ ಬರಬೇಕು, ಗೋಮಾಳಗಳು ಕರಗಿವೆ. ಬೆಳ್ಳಂದೂರು, ವರ್ತೂರು ಕೆರೆಗಳ ಬಳಿ ಜನರು ಕೊಳಚೆ ನೀರಿನಲ್ಲಿ ಬೆಳೆದ ಹುಲ್ಲನ್ನು ಕೊಯ್ದು ಹಸುಗಳಿಗೆ ಹಾಕುತ್ತ ಬಂದಿದ್ದಾರೆ. ಕಾರ್ಖಾನೆಯ ನೀರೂ ಸೇರಿದ ಕೆರೆಯ ಹುಲ್ಲು ಹಾಲಿಗೆ ಒಳ್ಳೆಯದಲ್ಲವೆಂದು ಅವರಿಗೆ ಹೇಳುವುದು ಸುಲಭ. ಬೇರೆ ಹುಲ್ಲೆಲ್ಲಿ ಎಂಬುದಕ್ಕೆ ಉತ್ತರವು ಜಮೀನುಳ್ಳವರಲ್ಲಿದೆ.

ಬೆಲೆ ಬರಲೆಂದು ಬೇಲಿ ಹಾಕಿ ಬೀಳುಬಿಟ್ಟ ಜಮೀನುಗಳು ಈ ಸೀಮೆಯಲ್ಲಿ ಅನೇಕ. ನೀರಿನ ಸೌಕರ್ಯವಿರುವಲ್ಲಿ ಹತ್ತು ಗುಂಟೆಯನ್ನಾದರೂ ನೇಪಿಯರ್ ಹುಲ್ಲಿಗೆ ಗುತ್ತಿಗೆ ಕೊಡಬಹುದು. ಈ ಹುಲ್ಲನ್ನು ಒಮ್ಮೆ ನೆಟ್ಟರೆ ಕೆಲವು ವರ್ಷಗಳವರೆಗೆ ಮತ್ತೆ ಮತ್ತೆ ಕೊಯ್ಯಬಹುದಾದುದರಿಂದ, ಒಂದು ವರ್ಷದ ಬಾಯಿಮಾತಿನ ಗುತ್ತಿಗೆಗೆ ಯಾರೂ ತುಂಡು ನೆಡಲು ಮುಂದಾಗರು. ಮೂರು ವರ್ಷಕ್ಕೆ ಕಡಿಮೆಯಿಲ್ಲದ ಅವಧಿಯನ್ನು ಕಾಗದದಲ್ಲಿ ಬರೆದು, ನಡುವೆ ಜಮೀನು ಮಾರಿದಲ್ಲಿ ನಿಂತ ಹುಲ್ಲಿಗೆ ಏನು ಕೊಡತಕ್ಕದ್ದೆಂಬುದನ್ನೂ ಅದರಲ್ಲಿಯೇ ಸೇರಿಸಬೇಕು.