ಪರಮಾಣುವಿನ ಪಕ್ಕದ ಹೆಸರು: ಅಣುಚಿತ್ರಗಳಲ್ಲಿ ಲೇಬಲ್ಲಿನ ಸ್ಥಾನನಿರ್ಣಯ

ಚಿನ್ನಮನೂರನ್ನೊಳಗೊಂಡ ಕಂಬಂ ಕಣಿವೆಯ ಪನ್ನೀರು ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ದ್ರಾಕ್ಷಿಯ ಹುಳಿಗೆ ಮುಖ್ಯ ಕಾರಣವಾದವುಗಳಲ್ಲಿ ಟಾರ್ಟಾರಿಕ್ ಆಮ್ಲವೊಂದು. ಈ ಕಣಿವೆಯಲ್ಲಿ ಮನೆಯೊಳಗೆ ಕನ್ನಡವಾಡುವ ಕಪ್ಪಿಲಿಯರ್ ಕುಟುಂಬಗಳಿವೆ. ಅಂತಹ ಮನೆಯ ವಿದ್ಯಾರ್ಥಿ ಶಾಲೆಯಲ್ಲಿ ತಮಿಳಿನಲ್ಲಿಯೂ ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿಯೂ ರಸಾಯನಶಾಸ್ತ್ರವನ್ನು ಕಲಿಯುವುದುಂಟು. ಗಣಕದ ತೆರೆಯ ಮೇಲೆ ಈ ಆಮ್ಲದ ಅಣುವನ್ನು ಕಂಡಾಗ ಅವನಿಗೆ ಆಧಾರವಾಗುವುದು ಪರಮಾಣುಗಳ ಪಕ್ಕದಲ್ಲಿರುವ ಪುಟ್ಟ ಹೆಸರುಗಳು. ಆ ಹೆಸರನ್ನು ಎಲ್ಲಿಡಬೇಕೆಂಬುದು ಕೇವಲ ಅಲಂಕಾರದ ಪ್ರಶ್ನೆಯಲ್ಲವೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಟಾರ್ಟಾರಿಕ್ ಆಮ್ಲದಲ್ಲಿ ನಾಲ್ಕು ಇಂಗಾಲ, ಆರು ಜಲಜನಕ, ಆರು ಆಮ್ಲಜನಕ, ಒಟ್ಟು 16 ಪರಮಾಣುಗಳಿವೆ. ನಡುವಿನ ಎರಡು ಇಂಗಾಲಗಳಲ್ಲಿ ಪ್ರತಿಯೊಂದಕ್ಕೂ ಒಂದು ಜಲಜನಕವೂ ಒಂದು ಹೈಡ್ರಾಕ್ಸಿಲ್ ಗುಂಪೂ ಅಂಟಿಕೊಂಡಿವೆ. ಇವುಗಳ ದಿಕ್ಕಿನ ಜೋಡಣೆಯೇ ಈ ವಸ್ತುವಿನ ಗುಣವನ್ನು ನಿರ್ಧರಿಸುತ್ತದೆ. 1848ರಲ್ಲಿ ಲೂಯಿ ಪಾಶ್ಚರ್ ಇದೇ ಆಮ್ಲದ ಲವಣದ ಹರಳುಗಳನ್ನು ಎಡಗೈ ಬಲಗೈಗಳಂತೆ ಬೇರ್ಪಡಿಸಿದರು. 1951ರಲ್ಲಿ ಬೈಫೂಟ್ ಮತ್ತು ಸಂಗಡಿಗರು ಸೋಡಿಯಂ ರುಬಿಡಿಯಂ ಟಾರ್ಟ್ರೇಟಿನ ಮೇಲೆ ಕ್ಷ-ಕಿರಣಗಳನ್ನು ಹಾಯಿಸಿ ಅದರ ನಿಜವಾದ ದಿಕ್ಕನ್ನು ಸ್ಥಾಪಿಸಿದರು.

ಈಗ ಲೇಬಲ್ ತಪ್ಪಿದರೆ ಏನಾಗುತ್ತದೆಂದು ನೋಡೋಣ. ದ್ರಾಕ್ಷಿಯಲ್ಲಿರುವ ರೂಪದಲ್ಲಿ ಎರಡನೆಯ ಮತ್ತು ಮೂರನೆಯ ಇಂಗಾಲಗಳ ಸಂಖ್ಯೆಗಳು ಅದಲುಬದಲಾದರೂ ಹಾನಿಯಿಲ್ಲ. ಅಣುವನ್ನು ಅರ್ಧ ಸುತ್ತು ತಿರುಗಿಸಿದರೆ ಅದು ತನ್ನನ್ನೇ ಹೋಲುತ್ತದೆ. ಆದರೆ ಒಂದು ಇಂಗಾಲದ ಬಳಿ ‘ಹೈಡ್ರಾಕ್ಸಿಲ್’ ಎಂಬ ಹೆಸರು ಸರಿದು ಜಲಜನಕದ ಪಕ್ಕಕ್ಕೂ, ಜಲಜನಕದ ಹೆಸರು ಹೈಡ್ರಾಕ್ಸಿಲ್ಲಿನ ಪಕ್ಕಕ್ಕೂ ಬಂದರೆ, ಆ ಕೇಂದ್ರದ ದಿಕ್ಕು ಓದುಗನ ಪಾಲಿಗೆ ತಿರುಗುಮುರುಗಾಗುತ್ತದೆ. ಆಗ ಅವನು ಓದುವುದು ದ್ರಾಕ್ಷಿಯ ಆಮ್ಲವನ್ನಲ್ಲ, ಧ್ರುವೀಕೃತ ಬೆಳಕನ್ನು ತಿರುಗಿಸದ ಮೀಸೊ ರೂಪವನ್ನು. ಚಿತ್ರದಲ್ಲಿ ಒಂದು ಪರಮಾಣುವೂ ಕದಲಿಲ್ಲ. ಹೆಸರು ಮಾತ್ರ ಕದಲಿದೆ.

ಹೆಸರು ಹೀಗೆ ಸರಿಯುವುದೇಕೆ? ಲೇಬಲ್ಲಿಗೆ ಎರಡು ಅಂಶಗಳಿವೆ: ಅದನ್ನು ಕಟ್ಟಿಹಾಕಿದ ಪರಮಾಣುವಿನ ಕೇಂದ್ರ ಮತ್ತು ಆ ಕೇಂದ್ರದಿಂದ ಅದು ಸರಿದಿರುವ ಅಂತರ. ಅಂತರವೇ ಇಲ್ಲದಿದ್ದರೆ ಅಕ್ಷರಗಳು ಗೋಳದ ಒಳಗೇ ಹುದುಗಿ ಮರೆಯಾಗುತ್ತವೆ. ಆದುದರಿಂದ ಪೈಮಾಲ್ ತಂತ್ರಾಂಶವು ಬಲಕ್ಕೆ, ಮೇಲಕ್ಕೆ, ನೋಡುಗನ ಕಡೆಗೆ ಎಂಬ ಮೂರು ಅಂಕಿಗಳನ್ನು ಕೇಳುತ್ತದೆ. ಅದರಲ್ಲಿ ಮೂರನೆಯದರ ಮೂಲ ಬೆಲೆ 1.75 ಆಂಗ್‌ಸ್ಟ್ರಾಂ. ಇಂಗಾಲದ ವಾನ್ ಡರ್ ವಾಲ್ಸ್ ತ್ರಿಜ್ಯ 1.70 ಆಗಿರುವುದರಿಂದ ಹೆಸರು ಗೋಳದ ಮೈಯಿಂದ ತುಸುವೇ ಹೊರಗೆ ನಿಲ್ಲುತ್ತದೆ.

ಅಂತರವನ್ನು ಯಾವ ಮಾನದಲ್ಲಿ ಅಳೆಯುತ್ತೇವೆಂಬುದೂ ಮುಖ್ಯ. ಜೆಮಾಲ್ ಅದನ್ನು ತೆರೆಯ ಚುಕ್ಕೆಗಳಲ್ಲಿ, ಅಂದರೆ ಪಿಕ್ಸೆಲ್‌ಗಳಲ್ಲಿ ಎಣಿಸುತ್ತದೆ. ಚಿತ್ರವನ್ನು ಹಿಗ್ಗಿಸಿದಾಗ ಗೋಳ ದೊಡ್ಡದಾದರೂ ಅಂತರ ಹಿಗ್ಗುವುದಿಲ್ಲ. ಗೋಳವು ಹೆಸರಿನ ಮೇಲೆ ಹಬ್ಬುತ್ತದೆ. ಆಂಗ್‌ಸ್ಟ್ರಾಂನಲ್ಲಿ ಅಳೆದರೆ ತೊಡಕು ತಿರುಗಾಮುರುಗ: ಚಿತ್ರವನ್ನು ಕುಗ್ಗಿಸಿದಾಗ ಅಂತರ ಕುಗ್ಗುತ್ತದೆ, ಅಕ್ಷರದ ಗಾತ್ರ ಹಾಗೆಯೇ ಉಳಿದು ಹೆಸರುಗಳು ಒಂದರ ಮೇಲೊಂದು ಬೀಳುತ್ತವೆ. ಪೈಮಾಲ್‌ನಲ್ಲಿ ಅಕ್ಷರಗಾತ್ರಕ್ಕೆ ಋಣಸಂಖ್ಯೆ ಕೊಟ್ಟರೆ ಅದೂ ಆಂಗ್‌ಸ್ಟ್ರಾಂನಲ್ಲಿ ಅಳೆಯಲ್ಪಟ್ಟು ಎರಡೂ ಜೊತೆಯಾಗಿ ಹಿಗ್ಗಿ ಕುಗ್ಗುತ್ತವೆ.

ಇನ್ನೊಂದು ತೊಡಕು ನೋಟದ ದಿಕ್ಕಿನದು. ನಡುವಿನ ಎರಡು ಇಂಗಾಲಗಳ ದೂರ ಸುಮಾರು 1.5 ಆಂಗ್‌ಸ್ಟ್ರಾಂ. ಅವನ್ನು ಕೂಡಿಸುವ ಬಂಧದ ನೇರಕ್ಕೆ ನಿಂತು ನೋಡಿದರೆ ಎರಡೂ ಒಂದೇ ಬಿಂದುವಿನಲ್ಲಿ ಕಾಣುತ್ತವೆ. ಸಮಾನ ಅಂತರ ಕೊಟ್ಟ ಅವುಗಳ ಹೆಸರುಗಳೂ ಒಂದರ ಮೇಲೊಂದು ಕೂರುತ್ತವೆ. ನಕ್ಷೆಗಾರರಿಗೆ ಈ ಕಷ್ಟ ಹಳೆಯದು. ಸ್ವಿಟ್ಜರ್ಲೆಂಡಿನ ಎಡುವರ್ಡ್ ಇಮ್‌ಹೋಫ್ 1962ರಲ್ಲಿಯೇ ನಕ್ಷೆಯ ಮೇಲೆ ಊರಿನ ಹೆಸರನ್ನು ಎಲ್ಲಿ ಬರೆಯಬೇಕೆಂಬುದಕ್ಕೆ ನಿಯಮಗಳನ್ನು ನಿರೂಪಿಸಿದ್ದರು. ಆದರೆ ನಕ್ಷೆ ತಿರುಗುವುದಿಲ್ಲ, ಅಣು ತಿರುಗುತ್ತದೆ. ಪ್ರತಿ ಹೆಸರಿಗೂ ನಾಲ್ಕೇ ಸ್ಥಾನಗಳೆಂದರೂ 16 ಪರಮಾಣುಗಳಿಗೆ ಸುಮಾರು 429 ಕೋಟಿ ವಿನ್ಯಾಸಗಳಾಗುತ್ತವೆ. ಒಂದಕ್ಕೊಂದು ತಾಗದ ವಿನ್ಯಾಸವನ್ನು ಹುಡುಕುವುದು, ಸಾಮಾನ್ಯ ರೂಪದಲ್ಲಿ, ಗಣಕಕ್ಕೂ ಕಠಿಣವಾದ ಸಮಸ್ಯೆಯೆಂದು 1990ರ ದಶಕದ ಆರಂಭದಲ್ಲಿ ಸಾಧಿಸಲಾಯಿತು. ಆದುದರಿಂದಲೇ ತಂತ್ರಾಂಶದ ಸ್ವಯಂಚಾಲಿತ ಜೋಡಣೆಯನ್ನು ಕೊನೆಗೆ ಕೈಯಿಂದ ತಿದ್ದಬೇಕಾಗುತ್ತದೆ.

ದೊಡ್ಡ ಅಣುಗಳಲ್ಲಿ ಆಯ್ಕೆಯೇ ಪರಿಹಾರ. 1950ರ ದಶಕದಲ್ಲಿ ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಗೋಪೀನಾಥ್ ಕರ್ತಾ ಅವರು ರಚನೆ ಸೂಚಿಸಿದ ಕೊಲಾಜೆನ್‌ನಲ್ಲಿ ಪ್ರತಿ ಮೂರನೆಯ ಘಟಕವೂ ಗ್ಲೈಸಿನ್. ಅವಷ್ಟಕ್ಕೇ ಹೆಸರಿಟ್ಟರೆ ಮೂರೆಳೆಯ ಹುರಿಯ ಲಯ ಕಣ್ಣಿಗೆ ಬೀಳುತ್ತದೆ. ಎಲ್ಲಕ್ಕೂ ಇಟ್ಟರೆ ಹುರಿಯೇ ಕಾಣದು.

ಕನ್ನಡದಲ್ಲಿ ಹೆಸರಿಡುವಾಗ ಮತ್ತೊಂದು ಎಚ್ಚರ ಅಗತ್ಯ. ‘ಹೈಡ್ರಾಕ್ಸಿಲ್’ ಎಂಬಲ್ಲಿ ಒತ್ತಕ್ಷರಗಳು ಸಾಲಿನ ಕೆಳಗಿಳಿಯುತ್ತವೆ. ರೋಮನ್ ಅಕ್ಷರದ ಎತ್ತರಕ್ಕೆ ಲೆಕ್ಕ ಹಾಕಿದ ಅಂತರದಲ್ಲಿ ಆ ಒತ್ತು ಕೆಳಗಿನ ಪರಮಾಣುವನ್ನು ತಾಗಬಹುದು. ಅಕ್ಷರಸಂಯೋಜನೆಯನ್ನು ಅರಿಯದ ತಂತ್ರಾಂಶದಲ್ಲಿ ಒತ್ತುಗಳು ಬಿಡಿಬಿಡಿಯಾಗಿ ಒಡೆಯುವುದೂ ಉಂಟು. ಇದಕ್ಕೆ ಸುಲಭವಾದ ದಾರಿ ಹೀಗಿದೆ: ಪರಮಾಣುವಿನ ಪಕ್ಕದಲ್ಲಿ ಅಂತರರಾಷ್ಟ್ರೀಯ ಸಂಕೇತ ಮತ್ತು ಸಂಖ್ಯೆ ಮಾತ್ರ ಇರಲಿ; ಕನ್ನಡ, ತಮಿಳು ಹೆಸರುಗಳು ಚಿತ್ರದ ಬದಿಯ ಸೂಚಿಯಲ್ಲಿ ಬರಲಿ. ಚಿನ್ನಮನೂರಿನ ಪಾಂಡ್ಯರ ದೊಡ್ಡ ತಾಮ್ರಶಾಸನದಲ್ಲಿ ಸಂಸ್ಕೃತ ಭಾಗವು ಗ್ರಂಥಲಿಪಿಯಲ್ಲಿಯೂ ತಮಿಳು ಭಾಗವು ವಟ್ಟೆಳುತ್ತಿನಲ್ಲಿಯೂ ಇವೆ. ಎರಡು ಭಾಷೆಗಳಿಗೆ ಪ್ರತ್ಯೇಕ ಎಡೆ ಕೊಡುವ ಕ್ರಮ ಆ ಊರಿಗೆ ಹೊಸದಲ್ಲ. ಕನ್ನಡದ ಹೆಸರು ಅಣುವಿನ ಮೈಮೇಲೆಯೇ ಬೇಕಿದ್ದರೆ ಚಿತ್ರವನ್ನು ಹೊರತೆಗೆದು, ಕನ್ನಡವನ್ನು ಸರಿಯಾಗಿ ಜೋಡಿಸುವ ಚಿತ್ರತಂತ್ರಾಂಶದಲ್ಲಿ ಹೆಸರು ಬರೆದು, ಪರಮಾಣುವಿಗೆ ಸಣ್ಣ ಗೆರೆ ಎಳೆಯುವುದು ಲೇಸು.

ಪಾಠಕ್ಕಾಗಿ ಚಿತ್ರವನ್ನು ಸಿದ್ಧಪಡಿಸುವವರು ಅದನ್ನು ಅಚ್ಚಿಗೆ ಕೊಡುವ ಮುನ್ನ, ಚಿತ್ರವನ್ನು ಹಿಂದೆ ಕಾಣದ ಒಬ್ಬರಿಗೆ ತೋರಿಸಿ, ಪ್ರತಿಯೊಂದು ಹೆಸರೂ ಯಾವ ಪರಮಾಣುವಿನದೆಂದು ಬೆರಳಿಟ್ಟು ಹೇಳಲು ಕೇಳಬೇಕು. ಅವರ ಬೆರಳು ಎಲ್ಲಿ ತಡೆಯುತ್ತದೆಯೋ ಅಲ್ಲಿ ಲೇಬಲ್ಲನ್ನು ಸರಿಸಬೇಕು.